ಮೊದಲ ತಪ್ಪು, ಎಳೆಯ ವಯಸ್ಸು: ಶಿಕ್ಷೆಯ ಬದಲಿಗೆ ಕಾನೂನು ತೆರೆದಿಟ್ಟಿರುವ ದಾರಿಗಳು

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಅಣ್ಣನ ಮಗನಿಗೆ 19 ವರ್ಷ, ಡಿಪ್ಲೊಮಾ ವಿದ್ಯಾರ್ಥಿ. ಇಬ್ಬರೂ ಸೇರಿ ರಸ್ತೆ ಬದಿ ನಿಲ್ಲಿಸಿದ್ದ ಒಂದು ಬೈಕನ್ನು ರಾತ್ರಿ ಓಡಿಸಿಕೊಂಡು ಹೋಗಿ, ಪೆಟ್ರೋಲ್ ಮುಗಿದ ಮೇಲೆ ಬೇರೊಂದು ಕಡೆ ಬಿಟ್ಟು ಬಂದಿದ್ದಾರೆ. ಹೆಡ್‌ಲೈಟ್ ಒಡೆದಿದೆ, ಗಾಡಿ ಮಾಲೀಕರಿಗೆ ಸಿಕ್ಕಿದೆ. ಸಿಸಿಟಿವಿ ನೋಡಿ ಪೊಲೀಸರು ಎಫ್‌ಐಆರ್ ಮಾಡಿದ್ದಾರೆ. ಇಬ್ಬರಿಗೂ ಇದೇ ಮೊದಲ ತಪ್ಪು. ಜನನ ಪ್ರಮಾಣಪತ್ರದ ಪ್ರಕಾರ ಮಗನಿಗೆ 17 ವರ್ಷ 4 ತಿಂಗಳು. ಶಾಲೆಗೆ ಸೇರಿಸುವಾಗ ಒಂದು ವರ್ಷ ಹೆಚ್ಚಿಗೆ ಬರೆಸಿದ್ದೆವು. ಠಾಣೆಯಲ್ಲಿ, ‘ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ’ ಎನ್ನುತ್ತಾರೆ. ಹೊರದೇಶಗಳಲ್ಲಿ ಇಂಥ ಹುಡುಗರನ್ನು ಕೋರ್ಟಿಗೆ ಹತ್ತಿಸದೆ ಕೌನ್ಸೆಲಿಂಗ್‌ಗೆ ಕಳಿಸುತ್ತಾರಂತೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇದೆಯೇ?

ಉತ್ತರ: ಇದೆ. ಆದರೆ ಅದು ತಾನಾಗಿ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ಮತ್ತು ಇಬ್ಬರು ಹುಡುಗರಿಗೂ ಒಂದೇ ದಾರಿ ಇಲ್ಲ. ಒಂದೇ ರಾತ್ರಿ ಒಂದೇ ಬೈಕಿನ ಮೇಲೆ ಕುಳಿತವರಾದರೂ ಕಾನೂನಿನ ಕಣ್ಣಿನಲ್ಲಿ ಒಬ್ಬ ಬಾಲಕ, ಇನ್ನೊಬ್ಬ ವಯಸ್ಕ. ಹಾಗಾಗಿ ಇಬ್ಬರ ವಿಚಾರವನ್ನೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ. ‘ದಂಡ ಕಟ್ಟಿ ಮುಗಿಸಿ’ ಎಂಬ ಸಲಹೆಯನ್ನು ಮಾತ್ರ ಸದ್ಯಕ್ಕೆ ಇಬ್ಬರ ವಿಷಯದಲ್ಲೂ ಬದಿಗಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಮಗನ ವಿಚಾರ. ಅವನಿಗೆ ಅನ್ವಯಿಸುವುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ. ಮಗುವಿನ ಅಥವಾ ಸಮಾಜದ ಹಿತಕ್ಕೆ ಅಗತ್ಯವಿಲ್ಲದ ಹೊರತು, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳ ವಿಷಯವನ್ನು ನ್ಯಾಯಾಂಗ ಪ್ರಕ್ರಿಯೆಗೆ ಹೋಗದೆಯೇ ನಿಭಾಯಿಸುವ ಕ್ರಮಗಳಿಗೆ ಉತ್ತೇಜನ ಕೊಡಬೇಕೆಂಬ ತತ್ವವನ್ನು ಈ ಕಾಯ್ದೆಯ 3ನೇ ಕಲಂ ಸ್ಪಷ್ಟವಾಗಿಯೇ ಹೇಳುತ್ತದೆ. ಇದು ನಾವೊಬ್ಬರೇ ಕಂಡುಕೊಂಡ ತತ್ವವಲ್ಲ. ವಿಶ್ವಸಂಸ್ಥೆಯ 1985ರ ಬೀಜಿಂಗ್ ನಿಯಮಗಳಲ್ಲಿಯೂ, 1992ರಲ್ಲಿ ಭಾರತ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಇದೇ ಮಾತಿದೆ. ನೀವು ಕೇಳಿರುವ ಹೊರದೇಶದ ಪದ್ಧತಿಗೆ ಒಳ್ಳೆಯ ಉದಾಹರಣೆ ನ್ಯೂಜಿಲೆಂಡ್. ಅಲ್ಲಿನ 1989ರ ಕಾಯ್ದೆಯ ಪ್ರಕಾರ, ಸಾರ್ವಜನಿಕ ಹಿತಕ್ಕೆ ಬೇಕೇಬೇಕೆನಿಸದಿದ್ದರೆ ಮತ್ತು ಬೇರೆ ಉಪಾಯವಿದ್ದರೆ ಎಳೆಯರ ಮೇಲೆ ಕ್ರಿಮಿನಲ್ ಪ್ರಕರಣವನ್ನೇ ಹೂಡಬಾರದು. ಕುಟುಂಬದವರು, ನೊಂದವರು, ಪೊಲೀಸರು ಒಟ್ಟಿಗೆ ಕುಳಿತು ಪರಿಹಾರ ಗೊತ್ತುಮಾಡುವ ಸಭೆಗಳಿಗೂ ಆ ಕಾಯ್ದೆಯಲ್ಲಿ ಸ್ಥಾನವಿದೆ. ನಮ್ಮಲ್ಲಿ ತತ್ವ ಅದೇ ಆದರೂ ಅದು ಕೆಲಸ ಮಾಡುವ ಜಾಗ ಬೇರೆ: ಬಹುಪಾಲು ನಿರ್ಧಾರವಾಗುವುದು ಬಾಲನ್ಯಾಯ ಮಂಡಳಿಯ ಎದುರಿನಲ್ಲಿ. ಆ ಮಂಡಳಿಯಲ್ಲಿ ಒಬ್ಬ ನ್ಯಾಯಾಧೀಶರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಲೇಬೇಕು.

ಠಾಣೆಯ ಹಂತದಲ್ಲೂ ಕೆಲವು ತಡೆಗಳಿವೆ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ, ಆಪಾದನೆ ಘೋರ ಅಪರಾಧದ್ದಲ್ಲದಿದ್ದರೆ (ಘೋರ ಎಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಅಪರಾಧ) ಬಾಲಕನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಸೇರಿಸಿ ಮಂಡಳಿಗೆ ಕಳಿಸಿದರೆ ಸಾಕು. ಆದರೆ ವಯಸ್ಕರ ಜೊತೆ ಸೇರಿ ಮಾಡಿದ ಕೃತ್ಯಕ್ಕೆ ಈ ವಿನಾಯಿತಿ ಇಲ್ಲ. ನಿಮ್ಮ ಮಗನ ಹೆಸರು ಎಫ್‌ಐಆರ್‌ಗೆ ಬಂದಿರುವುದು ಬಹುಶಃ ಇದೇ ಕಾರಣಕ್ಕೆ, 19 ವರ್ಷದ ಅಣ್ಣ ಜೊತೆಗಿದ್ದನೆಂದು. ಅಷ್ಟರಿಂದ ಅವನ ಉಳಿದ ರಕ್ಷಣೆಗಳು ಹೋಗುವುದಿಲ್ಲ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ, ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಮತ್ತು ಅಣ್ಣನ ಜೊತೆಯಲ್ಲಿ ಒಂದೇ ವಿಚಾರಣೆ ನಡೆಸುವಂತಿಲ್ಲ. ಜಾಮೀನೂ ಹಾಗೆಯೇ: ವಯಸ್ಕರಿಗೆ ಅದು ಜಾಮೀನುರಹಿತ ಅಪರಾಧವಾಗಿದ್ದರೂ ಬಾಲಕನಿಗೆ ಜಾಮೀನೇ ನಿಯಮ. ಹೊರಬಂದರೆ ಪಾತಕಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ಕಾರಣ ಬರೆದು ಮಾತ್ರ ನಿರಾಕರಿಸಬಹುದು.

ಇನ್ನು ವಯಸ್ಸು. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ, ಮತ್ತು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ ಸಾಲು ‘ಒಂದು ವರ್ಷ ಹೆಚ್ಚಿಗೆ ಬರೆಸಿದ್ದೆವು’ ಎಂಬುದು. ಕಾಯ್ದೆಯ 94ನೇ ಕಲಂ ದಾಖಲೆಗಳಿಗೆ ಒಂದು ಕ್ರಮ ಕೊಟ್ಟಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಈ ಕ್ರಮವನ್ನು ಅಕ್ಷರಶಃ ಹಿಡಿದರೆ ಶಾಲೆಯ ದಾಖಲೆ ಮುಂದಾಗುತ್ತದೆ, ಮಗ 18 ದಾಟಿದವನೆಂದು ಪೊಲೀಸರು ವಾದಿಸುತ್ತಾರೆ. ಹಾಗೆಂದು ಕೈಚೆಲ್ಲಬೇಕಿಲ್ಲ. ಹುಟ್ಟಿದ ಹೊತ್ತಿನಲ್ಲೇ ನೋಂದಣಿಯಾದ ಜನನ ಪ್ರಮಾಣಪತ್ರ ಸರಕಾರಿ ದಾಖಲೆ. ಶಾಲೆಯ ದಾಖಲಾತಿಯಲ್ಲಿರುವ ದಿನಾಂಕ ತಂದೆತಾಯಿ ಬಾಯಲ್ಲಿ ಹೇಳಿ ಬರೆಸಿದ್ದು. ಎರಡು ಅಭಿಪ್ರಾಯಗಳಿಗೆ ಅವಕಾಶವಿರುವ ಗಡಿ ಪ್ರಕರಣಗಳಲ್ಲಿ ಆರೋಪಿಯನ್ನು ಬಾಲಕನೆಂದು ಪರಿಗಣಿಸುವ ಕಡೆಗೇ ನ್ಯಾಯಾಲಯ ಒಲಿಯಬೇಕೆಂದು ಸುಪ್ರೀಂ ಕೋರ್ಟ್ ಅರ್ನಿತ್ ದಾಸ್ (2000), ರಾಜಿಂದರ್ ಚಂದ್ರ (2002) ಪ್ರಕರಣಗಳಲ್ಲಿ ಹೇಳಿದೆ. ಆದ್ದರಿಂದ ಎರಡೂ ದಾಖಲೆಗಳನ್ನು ಬಚ್ಚಿಡದೆ ಮೊದಲ ದಿನವೇ ಮುಂದಿಡಿ, ಶಾಲೆಗೆ ಸೇರಿಸಿದಾಗ ಏಕೆ ಹಾಗೆ ಬರೆಸಿದಿರಿ ಎಂಬುದನ್ನು ಸಾಕ್ಷ್ಯವಾಗಿ ಹೇಳಲು ಸಿದ್ಧರಾಗಿ, ಹೆರಿಗೆಯಾದ ಆಸ್ಪತ್ರೆಯ ದಾಖಲೆ, ಲಸಿಕೆ ಕಾರ್ಡು ಏನಿದ್ದರೂ ಹುಡುಕಿ ತನ್ನಿ. ಈಗ ಹೊಸದಾಗಿ ಅಫಿಡವಿಟ್ ಮಾಡಿಸುವುದಾಗಲಿ, ಶಾಲೆಯಲ್ಲಿ ದಿನಾಂಕ ತಿದ್ದಿಸಲು ಓಡಾಡುವುದಾಗಲಿ ಬೇಡ. ವಯಸ್ಸಿನ ವಿಚಾರಣೆಯಲ್ಲಿ ಅಫಿಡವಿಟ್ಟನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಾರದೆಂದು 9ನೇ ಕಲಮಿನಲ್ಲೇ ಇದೆ. ಪ್ರಕರಣವಾದ ಮೇಲೆ ತಿದ್ದಿದ ದಾಖಲೆ ಇದ್ದ ನಂಬಿಕೆಯನ್ನೂ ಕೆಡಿಸುತ್ತದೆ. ತಾನು ಬಾಲಕನೆಂಬ ವಾದವನ್ನು ಯಾವ ನ್ಯಾಯಾಲಯದಲ್ಲಿ, ಯಾವ ಹಂತದಲ್ಲಿ ಬೇಕಾದರೂ, ಪ್ರಕರಣ ಮುಗಿದ ಮೇಲೂ, ಎತ್ತಬಹುದು. ಆದರೆ ಎತ್ತಲು ತಡಮಾಡಿದಷ್ಟು ಕಾಲ ಹುಡುಗ ತಪ್ಪಾದ ಜಾಗದಲ್ಲಿ ಇರಬೇಕಾಗುತ್ತದೆ.

ಮಗ ಬಾಲಕನೆಂದು ತೀರ್ಮಾನವಾದರೆ ಮುಂದಿನ ಪ್ರಶ್ನೆ, ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಎಂಬುದು. ನೀವು ಅದನ್ನು ಬರೆದಿಲ್ಲ. ಪ್ರತಿ ತೆಗೆದುಕೊಂಡು ಓದಿ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಸಾಮಾನ್ಯ ಕಳವಿಗೆ ಮೊದಲ ಬಾರಿಗಾದರೆ ಗರಿಷ್ಠ 3 ವರ್ಷ ಸಜೆ. ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಇದು ಸಣ್ಣ ಅಪರಾಧ. ಅದೇ ಸಂಹಿತೆಯ 305ನೇ ಕಲಂ ವಾಸದ ಮನೆಯ ಕಳವಿಗೂ, ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದ ಕಳವಿಗೂ 7 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಅದು ಬಿದ್ದರೆ ಪ್ರಕರಣ ಗಂಭೀರ ಅಪರಾಧಗಳ ಗುಂಪಿಗೆ ಸೇರುತ್ತದೆ. ಬೈಕ್ ಕಳವಿಗೆ 305 ಹಾಕಿದ್ದರೆ, ರಸ್ತೆ ಬದಿ ನಿಂತಿದ್ದ ಸ್ವಂತ ಬಳಕೆಯ ದ್ವಿಚಕ್ರ ವಾಹನ ಆ ಮಾತಿನ ವ್ಯಾಪ್ತಿಗೆ ಬರುವುದೇ ಎಂದು ನಿಮ್ಮ ವಕೀಲರು ಪ್ರಶ್ನಿಸಬೇಕು. ಈ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿದೆ. ಸಣ್ಣ ಅಪರಾಧವಾದರೆ ಮಂಡಳಿ ಸಂಕ್ಷಿಪ್ತ ವಿಚಾರಣೆ ನಡೆಸುತ್ತದೆ. ಮೊದಲ ಹಾಜರಿಯಿಂದ 4 ತಿಂಗಳು, ಕಾರಣ ಬರೆದು ವಿಸ್ತರಿಸಿದರೆ ಇನ್ನು 2 ತಿಂಗಳು. ಅಷ್ಟರಲ್ಲಿ ಮುಗಿಯದಿದ್ದರೆ ವಿಚಾರಣೆಯೇ ಕೊನೆಗೊಳ್ಳುತ್ತದೆ. ಗಂಭೀರ ಅಪರಾಧಕ್ಕೆ ಈ ಸೌಲಭ್ಯವಿಲ್ಲ.

‘ಒಂದು ರೌಂಡು ಹೊಡೆದು ಬಿಟ್ಟುಬಂದಿದ್ದಾರೆ, ಇದು ಕಳವು ಹೇಗಾಗುತ್ತದೆ’ ಎಂದು ಇಂಥ ಪ್ರಕರಣಗಳಲ್ಲಿ ಮನೆಯವರು ಸಾಮಾನ್ಯವಾಗಿ ಕೇಳುತ್ತಾರೆ. ಇಟ್ಟುಕೊಳ್ಳುವ ಉದ್ದೇಶವಿಲ್ಲದೆ ತಾತ್ಕಾಲಿಕವಾಗಿ ಒಯ್ದರೂ ಕಳವಾಗಬಹುದೆಂದು ಸುಪ್ರೀಂ ಕೋರ್ಟ್ 1957ರಲ್ಲೇ ಕೆ.ಎನ್. ಮೆಹ್ರಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಅಲ್ಲಿ ಜೋಧಪುರದ ವಾಯುಪಡೆ ಅಕಾಡೆಮಿಯ ಕೆಡೆಟ್ ಒಬ್ಬರು ಅನುಮತಿಯಿಲ್ಲದೆ ತರಬೇತಿ ವಿಮಾನವನ್ನೇ ಹಾರಿಸಿಕೊಂಡು ಹೋಗಿ ಪಾಕಿಸ್ತಾನದ ನೆಲದಲ್ಲಿ ಇಳಿಸಿದ್ದರು. ವಿಮಾನಕ್ಕೆ ಹೇಳಿದ ಮಾತು ಬೈಕಿಗೂ ಸಲ್ಲುತ್ತದೆ. ಆದ್ದರಿಂದ ಆ ವಾದವೊಂದನ್ನೇ ನೆಚ್ಚಿ ಕೂರಬೇಡಿ. ಆದರೆ ಮಾರುವ ಉದ್ದೇಶವಿರಲಿಲ್ಲ, ನಂಬರ್ ಪ್ಲೇಟ್ ಬದಲಿಸಿಲ್ಲ, ಗಾಡಿ ಮರಳಿ ಸಿಕ್ಕಿದೆ ಎಂಬ ಸಂಗತಿಗಳು ಮಂಡಳಿ ಯಾವ ಆದೇಶ ಮಾಡಬೇಕು ಎಂಬ ಹಂತದಲ್ಲಿ ಖಂಡಿತ ತೂಗುತ್ತವೆ.

ಆ ಆದೇಶಗಳು ಬಾಲನ್ಯಾಯ ಕಾಯ್ದೆಯ 18ನೇ ಕಲಮಿನಲ್ಲಿವೆ. ಬುದ್ಧಿವಾದ ಅಥವಾ ಎಚ್ಚರಿಕೆ ಹೇಳಿ, ಹುಡುಗನಿಗೂ ತಂದೆತಾಯಿಗೂ ಸಮಾಲೋಚನೆ ಕೊಡಿಸಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆಗೆ ಸೇರಿಸುವುದು, ಸಮುದಾಯ ಸೇವೆ, ದಂಡ, ತಂದೆತಾಯಿಯ ಮುಚ್ಚಳಿಕೆಯ ಮೇಲೆ 3 ವರ್ಷ ಮೀರದಂತೆ ಸದ್ವರ್ತನೆಯ ಪರಿವೀಕ್ಷಣೆ (ಪ್ರೊಬೇಷನ್), ಕೊನೆಗೆ, ಬೇರೆ ದಾರಿಯೇ ಇಲ್ಲವೆನಿಸಿದಾಗ, ವಿಶೇಷ ಗೃಹ. ನೀವು ಕೇಳಿದ ಕೌನ್ಸೆಲಿಂಗ್ ಈ ಪಟ್ಟಿಯ ಮೊದಲಲ್ಲೇ ಇದೆ. ಸಮುದಾಯ ಸೇವೆ ಎಂದರೆ ಹೆದರಬೇಡಿ: 14 ದಾಟಿದ ಮಕ್ಕಳಿಂದ ಉದ್ಯಾನ ನಿರ್ವಹಣೆ, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ಸಂಚಾರ ಸ್ವಯಂಸೇವೆ ಮುಂತಾದವನ್ನು ಮಾಡಿಸುವುದನ್ನು ನಿಯಮಗಳು ಹೇಳುತ್ತವೆ. ಕಾಲೇಜು ತಪ್ಪದಂತೆ ಭಾನುವಾರಗಳಿಗೆ ಹೊಂದಿಸಿಕೊಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಇವುಗಳಲ್ಲಿ ಯಾವುದು ನಿಮ್ಮ ಮಗನ ಪಾಲಿಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವ ಕಾಗದವೊಂದಿದೆ, ಅದು ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ. ಮೊದಲ ಹಾಜರಿಯಿಂದ 15 ದಿನದೊಳಗೆ ಸಲ್ಲಿಸಬೇಕಾದ ಈ ವರದಿಗಾಗಿ ಅಧಿಕಾರಿ ಮನೆಗೆ ಬರುತ್ತಾರೆ, ಹುಡುಗನ ಓದು, ಗೆಳೆಯರು, ಚಟ, ಮನೆಯ ವಾತಾವರಣ, ಕೃತ್ಯಕ್ಕೆ ಕಾರಣ ಎಲ್ಲವನ್ನೂ ಕೇಳುತ್ತಾರೆ. ಮರ್ಯಾದೆಗೆ ಅಂಜುವ ಕುಟುಂಬಗಳು ಎಡವುವುದು ಇಲ್ಲಿಯೇ. ‘ನಮ್ಮ ಹುಡುಗ ಚಿನ್ನದಂಥವನು, ಎಲ್ಲ ಆ ಇನ್ನೊಬ್ಬನದೇ ಕಿತಾಪತಿ’ ಎಂಬ ಮಾತಿನಿಂದ ವರದಿಯಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಅವನು ತಡರಾತ್ರಿ ಹೊರಗಿರುತ್ತಿದ್ದ, ಈಗ ಇಂಥವರು ಮೇಲ್ವಿಚಾರಣೆ ವಹಿಸಿಕೊಂಡಿದ್ದಾರೆ, ಪರೀಕ್ಷೆ ಇಂಥ ತಿಂಗಳಲ್ಲಿದೆ, ಹೆಡ್‌ಲೈಟ್ ರಿಪೇರಿಯ ಹಣ ಕೊಟ್ಟಿದ್ದೇವೆ ಎಂಬಂಥ ದಿಟವಾದ, ಪರಿಶೀಲಿಸಬಹುದಾದ ಸಂಗತಿಗಳಿದ್ದರೆ ಮಂಡಳಿಗೆ ಹುಡುಗನನ್ನು ಮನೆಗೆ ಕಳಿಸಲು ಆಧಾರ ಸಿಗುತ್ತದೆ. ಹಾಗೆಂದು, ಮಾಡದ್ದನ್ನು ಮಾಡಿದೆನೆಂದು ಹೇಳಿಸುವ ಅಗತ್ಯವೂ ಇಲ್ಲ. ನಿರ್ದೋಷಿಯೆಂಬ ಭಾವನೆಯಿಂದಲೇ ಹೊರಡಬೇಕೆಂಬುದು ಇದೇ ಕಾಯ್ದೆಯ ಮೊದಲ ತತ್ವ.

ಈಗ ಅಣ್ಣನ ಮಗನ ವಿಚಾರ. 18 ತುಂಬಿದವರ ಪ್ರಕರಣವನ್ನು ಕೋರ್ಟಿನ ಹೊರಗೇ ತಿರುಗಿಸಿಬಿಡುವ ಪ್ರತ್ಯೇಕ ಯೋಜನೆ ನಮ್ಮಲ್ಲಿ ಇಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ಬುದ್ಧಿಯಲ್ಲಿ ಇರುವ ಅಂತರ ಕಾನೂನು ಎಳೆದ ಗೆರೆಯಷ್ಟು ಕಡಿದಾಗಿಲ್ಲ. ಆದರೂ ಕೋರ್ಟಿನ ಒಳಗೆ ದಾರಿಗಳಿವೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ನೋಟಿಸ್ ಕೊಟ್ಟು ಕರೆಯಬಹುದು. ಆ ನೋಟಿಸಿಗೆ ತಪ್ಪದೆ ಹಾಜರಾಗಲಿ, ಹಾಜರಾದದ್ದಕ್ಕೆ ಲಿಖಿತ ಗುರುತು ಇಟ್ಟುಕೊಳ್ಳಲಿ.

ಪ್ರಕರಣ 303(2)ರಲ್ಲೇ ಇದ್ದರೆ ಅತ್ಯಂತ ಚೊಕ್ಕವಾದ ದಾರಿ ರಾಜಿ. ಸಾಮಾನ್ಯ ಕಳವು ಮಾಲೀಕರೊಂದಿಗೆ ರಾಜಿಯಾಗಬಹುದಾದ ಅಪರಾಧ, ರಾಜಿಯ ಪರಿಣಾಮ ಖುಲಾಸೆ. ಗಮನಿಸಿ, ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ ಬರೆಸಿಕೊಂಡ ‘ನಮ್ಮಲ್ಲಿ ತಕರಾರಿಲ್ಲ’ ಎಂಬ ಹೇಳಿಕೆ ರಾಜಿಯಲ್ಲ. ಅದು ನ್ಯಾಯಾಲಯದ ಕಡತದಲ್ಲಿ ದಾಖಲಾಗಬೇಕು. ಬೈಕ್ ಮಾಲೀಕರನ್ನು ನೋಡಲು ಹಿರಿಯರೊಬ್ಬರು ಹೋಗಲಿ, ಕ್ಷಮೆ ಕೇಳಲಿ, ಆದ ನಷ್ಟವನ್ನು ರಶೀದಿ ಸಹಿತ ಭರಿಸಲಿ. ಒತ್ತಡ ಬೇಡ, ಒಪ್ಪುವುದು ಬಿಡುವುದು ಅವರ ಹಕ್ಕು, ರಾತ್ರಿಯೆಲ್ಲ ಗಾಡಿ ಹುಡುಕಿ ಅಲೆದವರು ಅವರು.

ಮಾಲೀಕರು ಒಪ್ಪದಿದ್ದರೆ ಅಥವಾ 305 ಉಳಿದುಕೊಂಡರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ನೆರವಿಗೆ ಬರುತ್ತದೆ. ಅದರ 3ನೇ ಕಲಮಿನಲ್ಲಿ, ಹಿಂದೆ ಶಿಕ್ಷೆಯಾಗಿರದ ಕಳವಿನ ಅಪರಾಧಿಯನ್ನು ಎಚ್ಚರಿಕೆ ಕೊಟ್ಟೇ ಬಿಡಬಹುದು. 4ನೇ ಕಲಮಿನಲ್ಲಿ 3 ವರ್ಷ ಮೀರದ ಸದ್ವರ್ತನೆಯ ಮುಚ್ಚಳಿಕೆ ಪಡೆದು ಬಿಡಬಹುದು. 5ನೇ ಕಲಮಿನಲ್ಲಿ ಜೊತೆಗೇ ಪರಿಹಾರ ಕೊಡಿಸಬಹುದು. ಮುಖ್ಯವಾದದ್ದು 6ನೇ ಕಲಂ. ಅಪರಾಧಿ 21ರೊಳಗಿನವನಾಗಿದ್ದು ಅಪರಾಧ ಜೀವಾವಧಿಯದ್ದಲ್ಲದಿದ್ದರೆ, ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸಬಾರದು. ಕಳಿಸಲೇಬೇಕೆಂದರೆ ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ನೋಡಿ, 3 ಅಥವಾ 4ನೇ ಕಲಂ ಏಕೆ ಸಲ್ಲದೆಂದು ಕಾರಣ ಬರೆಯಬೇಕು. ‘ಬಿಡಬಹುದು’ ಎಂಬ ವಿವೇಚನೆ ಇಲ್ಲಿ ಬಹುಪಾಲು ಕರ್ತವ್ಯವೇ ಆಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ಮಗನ ವಯಸ್ಸನ್ನು ಎಣಿಸುವುದು ಕೃತ್ಯ ನಡೆದ ದಿನಕ್ಕೆ. ವಿಚಾರಣೆ ಎಷ್ಟೇ ಎಳೆದರೂ ಅವನು ಆ ಪ್ರಕರಣದ ಮಟ್ಟಿಗೆ ಬಾಲಕನೇ. ಅಣ್ಣನ ಮಗನಿಗೆ ಹಾಗಲ್ಲ. 6ನೇ ಕಲಮಿನ 21 ವರ್ಷವನ್ನು ನೋಡಬೇಕಾದದ್ದು ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸುವ ದಿನಕ್ಕೆ ಎಂದು ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ (1963) ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಈಗ 19, ವಾಯಿದೆಯ ಮೇಲೆ ವಾಯಿದೆ ಪಡೆಯುತ್ತ ಎರಡು ವರ್ಷ ಕಳೆದರೆ ಆ ರಕ್ಷಣೆ ಕೈತಪ್ಪಿ, ಉಳಿಯುವುದು 3 ಮತ್ತು 4ನೇ ಕಲಮಿನ ವಿವೇಚನೆ ಮಾತ್ರ. ಪ್ರಕರಣ ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

‘ಒಪ್ಪಿಕೊಂಡು ದಂಡ ಕಟ್ಟಿ’ ಎಂಬುದು ಏಕೆ ಬೇಡ ಎಂದರೆ, ಅದು ಒಂದೇ ದಿನದಲ್ಲಿ ಮುಗಿಯುವ, ಆದರೆ ಬರಿಗೈಯಲ್ಲಿ ಪಡೆದ ಅಪರಾಧ ನಿರ್ಣಯ. 3 ಅಥವಾ 4ನೇ ಕಲಮಿನಲ್ಲಿ ಬಿಡುಗಡೆಯಾದವನಿಗೆ, ಆ ನಿರ್ಣಯದಿಂದ ಬರುವ ಯಾವುದೇ ಅನರ್ಹತೆ ತಟ್ಟದೆಂದು ಅದೇ ಕಾಯ್ದೆಯ 12ನೇ ಕಲಂ ರಕ್ಷಣೆ ಕೊಡುತ್ತದೆ. ಸಾವಿರ ರೂಪಾಯಿ ದಂಡ ಕಟ್ಟಿ ಬಂದವನಿಗೆ ಆ ರಕ್ಷಣೆ ಇಲ್ಲ. ಮೇಲಾಗಿ, ಮುಂದೆಂದಾದರೂ ಇನ್ನೊಂದು ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದರೆ 303(2)ರಲ್ಲಿ ಎರಡನೇ ಬಾರಿಯ ಕನಿಷ್ಠ ಶಿಕ್ಷೆಯೇ ಒಂದು ವರ್ಷದ ಕಠಿಣ ಸಜೆ. ಹೊಸ ಸಂಹಿತೆಯಲ್ಲಿ ಮೊದಲ ಬಾರಿಯ ಕಳವಿಗೆ ಸಮುದಾಯ ಸೇವೆಯ ಶಿಕ್ಷೆ ಬಂದಿರುವುದು ನಿಜ, ಆದರೆ ಅದು 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿಗೆ, ಬೈಕಿಗೆ ಸಲ್ಲುವುದಿಲ್ಲ. ಸಾಕ್ಷ್ಯ ಗಟ್ಟಿಯಾಗಿದ್ದು ಒಪ್ಪಿಕೊಳ್ಳುವುದೇ ಸರಿಯೆಂದು ವಕೀಲರಿಗೆ ಅನಿಸಿದರೆ, ದೋಷಾರೋಪ ನಿಗದಿಯಾದ 30 ದಿನದೊಳಗೆ ಶಿಕ್ಷಾ ಚೌಕಾಶಿಯ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆ ನಡೆಸುವ ‘ಪ್ಲೀ ಬಾರ್ಗೇನಿಂಗ್’) ಅರ್ಜಿ ಹಾಕಲಿ; ಅದರಲ್ಲಿ ಮಾಲೀಕರಿಗೆ ಪರಿಹಾರ ಗೊತ್ತುಮಾಡಿ, ಪರಿವೀಕ್ಷಣೆಯ ಮೇಲೆ ಬಿಡುಗಡೆಯನ್ನೇ ಕೇಳಬಹುದು. ನಿಮ್ಮ ಮಗನಿಗೆ ಈ ಚೌಕಾಶಿಯ ಅಧ್ಯಾಯ ಅನ್ವಯಿಸುವುದಿಲ್ಲ, ಅವನಿಗದರ ಅಗತ್ಯವೂ ಇಲ್ಲ.

ವಕೀಲರ ಶುಲ್ಕ ಹೊರೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಇಬ್ಬರು ಹುಡುಗರಿಗೂ ಒಬ್ಬರೇ ವಕೀಲರು ಬೇಡವೆಂದು ನನ್ನ ಸಲಹೆ. ‘ದೊಡ್ಡವನು ಕರೆದೊಯ್ದ’ ಎಂಬುದು ಒಬ್ಬನ ವಾದವಾದರೆ ‘ಚಿಕ್ಕವನೇ ಕೀಲಿ ತೆಗೆದ’ ಎಂಬುದು ಇನ್ನೊಬ್ಬನದಾಗಬಹುದು. ಅಣ್ಣತಮ್ಮಂದಿರ ಮನೆಗಳ ನಡುವೆ ಆ ಮಾತು ಬೆಳೆಯುವ ಮೊದಲೇ ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಉದ್ಯೋಗದ ಪ್ರಶ್ನೆ. ನೀವು ನೇರವಾಗಿ ಕೇಳಿಲ್ಲದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮಗನಿಗೆ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಯಾವ ಅನರ್ಹತೆಯೂ ತಟ್ಟುವುದಿಲ್ಲ. ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷದವರೆಗೆ ಮಾತ್ರ ಇಟ್ಟು ಆಮೇಲೆ ನಾಶಮಾಡಬೇಕು. ಮುಗಿದ ಪ್ರಕರಣದ ಮಾಹಿತಿಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಬಹಿರಂಗಪಡಿಸುವಂತಿಲ್ಲ. ಅವನ ಹೆಸರು, ಶಾಲೆ, ಚಿತ್ರ ಪ್ರಕಟಿಸಿದವರಿಗೆ 74ನೇ ಕಲಮಿನಲ್ಲಿ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಾಲಕನಾಗಿದ್ದಾಗಿನ ಪ್ರಕರಣವನ್ನು ನೇಮಕಾತಿಗೆ ಅಡ್ಡಿಮಾಡಬಾರದೆಂದು ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಹೇಳಿದೆ.

ಅಣ್ಣನ ಮಗನ ಸ್ಥಿತಿ ಇಷ್ಟು ಸುರಕ್ಷಿತವಲ್ಲ. ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ ಅನರ್ಹತೆಯನ್ನು ತೆಗೆಯುತ್ತದೆಯೇ ಹೊರತು ಅಪರಾಧ ನಿರ್ಣಯವನ್ನೇ ಅಳಿಸುವುದಿಲ್ಲ. ಬಕ್ಷಿ ರಾಮ್ ಪ್ರಕರಣದಲ್ಲಿ (1990) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ರಾಜಿಗೆ ಮೊದಲ ಆದ್ಯತೆ ಕೊಡಿ ಎನ್ನುವುದೂ ಇದಕ್ಕಾಗಿಯೇ. ನಾಳೆ ಅರ್ಜಿ ನಮೂನೆಯಲ್ಲಿ ‘ಪ್ರಕರಣ ದಾಖಲಾಗಿದೆಯೇ’ ಎಂದು ಕೇಳಿದಲ್ಲಿ ಅವನು ಇದ್ದದ್ದನ್ನು ಇದ್ದಂತೆ, ಫಲಿತಾಂಶದ ಸಹಿತ ಬರೆಯಬೇಕು. ಎಳೆಯ ವಯಸ್ಸಿನ ಸಣ್ಣ ಪ್ರಕರಣಗಳನ್ನು ಉದ್ಯೋಗದಾತರು ಮನ್ನಿಸಬಹುದೆಂದು ಅವತಾರ್ ಸಿಂಗ್ ತೀರ್ಪು (2016) ಹೇಳಿದೆ. ಆದರೆ ಪ್ರಕರಣವನ್ನು ಮುಚ್ಚಿಟ್ಟದ್ದೇ ನೇಮಕಾತಿ ರದ್ದಾಗಲು ಕಾರಣವಾಗಬಹುದೆಂದೂ ಅದೇ ತೀರ್ಪಿನಲ್ಲಿದೆ.